ನೋಟ್‌ಪ್ಯಾಡಿನಲ್ಲಿ ತೆರೆದುಕೊಂಡ ಸ್ಕ್ರಿಪ್ಟು

ಡಾಸ್ ಕಾಲದ ಕಂಪ್ಯೂಟರಿನ ಮುಂದೆ ಕೂತ ತಲೆಮಾರಿಗೆ ಕಪ್ಪು ಪರದೆ ಎಂದೊಡನೆ ನೆನಪಾಗುವುದು ಟೈಪ್ ಮಾಡಿದ ಕಮಾಂಡುಗಳು. ಅವುಗಳ ಜೊತೆಗೆ ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ, ಅದನ್ನು ಯಾರೂ ಅಷ್ಟಾಗಿ ಎತ್ತಿ ಆಡುವುದಿಲ್ಲ: ಆ ಪರದೆಯ ಮೇಲೆ ನಾವು ತುಂಬ ಓದುತ್ತಿದ್ದೆವು. ಯಂತ್ರ ಆನ್ ಆದ ಕೂಡಲೇ ತಾನಾಗಿ ನಡೆಯುತ್ತಿದ್ದ ಆಟೋಎಕ್ಸೆಕ್ ಎಂಬ ಬ್ಯಾಚ್ ಫೈಲು ಹತ್ತಾರು ಸಾಲಿನ ಬರಹ. ಪಾತ್ ಹೇಳುವ ಒಂದು ಸಾಲು, ಪ್ರಾಂಪ್ಟ್ ಹೇಗಿರಬೇಕೆಂದು ಹೇಳುವ ಇನ್ನೊಂದು, ಮೌಸ್ ಡ್ರೈವರನ್ನು ಎಬ್ಬಿಸುವ ಮತ್ತೊಂದು, ವಿಂಡೋಸ್ 3.1 ಹಾಕಿದ್ದರೆ ಎಷ್ಟೋ ಕಡೆ ಕೊನೆಯಲ್ಲಿ ‘ವಿನ್’ ಎಂಬ ಒಂದೇ ಪದ. ‘ಟೈಪ್’ ಎಂಬ ಕಮಾಂಡು ಕೊಟ್ಟರೆ ಅಷ್ಟೂ ಪರದೆಯ ಮೇಲೆ ಮೂಡುತ್ತಿತ್ತು. ಯಂತ್ರ ಎದ್ದು ಏನೇನು ಮಾಡುತ್ತದೆಂದು ಯಾರನ್ನೂ ಕೇಳಬೇಕಿರಲಿಲ್ಲ. ವಿಂಡೋಸಿನಲ್ಲಿ ಸ್ಕ್ರಿಪ್ಟ್ ರನ್ ಮಾಡುವ ಬಗೆ 40 ವರ್ಷಗಳಲ್ಲಿ ಬದಲಾದ ದಾರಿಯನ್ನು ತಿರುಗಿ ನೋಡಿದಾಗಲೆಲ್ಲ ನನ್ನ ಮನಸ್ಸು ಈ ಚಿಕ್ಕ ಫೈಲಿನ ಬಳಿಗೇ ಬಂದು ನಿಲ್ಲುತ್ತದೆ. ಸ್ಕ್ರಿಪ್ಟು ಮೊದಲು ಬರಹ, ಆಮೇಲೆ ಪ್ರೋಗ್ರಾಮು. ಈ ಅನುಕ್ರಮವನ್ನು ಉಳಿಸಿದ ವ್ಯವಸ್ಥೆ ಬಳಸುವವರನ್ನು ಕಾಪಾಡಿದೆ, ಅದನ್ನು ಮರೆಸಿದ ವ್ಯವಸ್ಥೆ ಅವರನ್ನು ಕೈಬಿಟ್ಟಿದೆ ಎಂಬುದು ನನ್ನ ವಾದ.

1981ರ ಆಗಸ್ಟಿನಲ್ಲಿ ಐಬಿಎಂ ಪಿಸಿಯ ಜೊತೆ ಬಂದ ಡಾಸ್‌ನಲ್ಲೇ ಬ್ಯಾಚ್ ಫೈಲು ಇತ್ತು. ಆದರೆ ಅದಕ್ಕೆಂದೇ ಮೀಸಲಾದ ಕಮಾಂಡುಗಳು ಆಗ ಇದ್ದದ್ದು ಟಿಪ್ಪಣಿ ಬರೆಯುವ ‘ರೆಮ್’, ಒಂದು ಕೀ ಒತ್ತುವವರೆಗೆ ಕಾಯುವ ‘ಪಾಸ್’, ಇಷ್ಟೇ. ‘ಇಫ್’, ‘ಗೋಟು’, ‘ಫಾರ್’, ‘ಎಕೋ’ ಬಂದದ್ದು 1983ರ ಡಾಸ್ 2.0ರಲ್ಲಿ. ಬರೆಯಲು ಎಡಿಟರೂ ಬೇಕಿರಲಿಲ್ಲ: ‘ಕಾಪಿ ಕಾನ್’ ಎಂದು ಫೈಲಿನ ಹೆಸರು ಕೊಟ್ಟು, ಸಾಲಾಗಿ ಟೈಪ್ ಮಾಡಿ, ಕೊನೆಗೆ ಕಂಟ್ರೋಲ್ ಹಿಡಿದು ಝಡ್ ಒತ್ತಿದರೆ ಆಯಿತು. ಎಂಟರ್ ಒತ್ತಿದ ಸಾಲಿಗೆ ಹಿಂತಿರುಗಿ ತಿದ್ದುವಂತಿರಲಿಲ್ಲವಾದ್ದರಿಂದ ಯೋಚಿಸಿಯೇ ಬರೆಯಬೇಕಿತ್ತು. ಯಂತ್ರವೂ ಆ ಫೈಲನ್ನು ಅಕ್ಷರಶಃ ಓದುತ್ತಿತ್ತು. ಒಂದು ಸಾಲು ಓದಿ, ಅದನ್ನು ಮಾಡಿ, ಮತ್ತೆ ಡಿಸ್ಕಿಗೆ ಹೋಗಿ ಮುಂದಿನ ಸಾಲು. ನಡುವೆ ಫ್ಲಾಪಿ ತೆಗೆದುಬಿಟ್ಟರೆ ಬ್ಯಾಚ್ ಫೈಲ್ ಇರುವ ಡಿಸ್ಕನ್ನು ಹಾಕಿ ಎಂದು ಕೇಳುತ್ತಿತ್ತು. 1993ರ ವಿಂಡೋಸ್ ಎನ್‌ಟಿಯಿಂದ ಇಂದಿನವರೆಗೆ ನಡೆದುಬಂದಿರುವ ಕಮಾಂಡ್ ಪ್ರಾಂಪ್ಟೂ ಹೀಗೆಯೇ. ಬ್ಯಾಚ್ ಫೈಲ್ ನಡೆಯುತ್ತಿರುವಾಗ ಅದನ್ನು ನೋಟ್‌ಪ್ಯಾಡಿನಲ್ಲಿ ತಿದ್ದಿ ಸೇವ್ ಮಾಡಿದರೆ ಮುಂದಿನ ಓದು ಎಲ್ಲಿಂದಲೋ ಶುರುವಾಗಿ ದಾರಿ ತಪ್ಪುತ್ತದೆ. ಇದಕ್ಕಿಂತ ನನಗೆ ಮುಖ್ಯವೆನಿಸುವುದು ‘ಎಕೋ’. ಬ್ಯಾಚ್ ಫೈಲು ತಾನಾಗಿ, ಯಾರೂ ಹೇಳದೆಯೇ, ಪ್ರತಿ ಸಾಲನ್ನೂ ಪರದೆಯ ಮೇಲೆ ತೋರಿಸಿ ಆಮೇಲೆ ನಡೆಸುತ್ತದೆ. ಅದರ ಬಾಯಿ ಮುಚ್ಚಿಸಲೆಂದೇ ‘ಎಕೋ ಆಫ್’ ಎಂಬುದನ್ನು ಮೊದಲ ಸಾಲಾಗಿ ಬರೆಯುವ ರೂಢಿ ಬಂತು. ಆದರೆ ಸ್ಕ್ರಿಪ್ಟು ಕೆಟ್ಟಾಗ ಅನುಭವಿಗಳು ಮೊದಲು ತೆಗೆದುಹಾಕುವುದು ಅದೇ ಸಾಲನ್ನು. ಎಲ್ಲಿ ಎಡವಿತೆಂದು ತಿಳಿಯಲು ಮತ್ತೆ ಓದಲೇಬೇಕು.

ಈ ಓದು ಕಡಿದುಬಿದ್ದದ್ದು ಎರಡು ಹೆಜ್ಜೆಗಳಲ್ಲಿ. 1995ರ ವಿಂಡೋಸ್, ಗೊತ್ತಿರುವ ಬಗೆಯ ಫೈಲುಗಳ ಹೆಸರಿನ ಬಾಲವನ್ನು, ಅಂದರೆ ಚುಕ್ಕೆಯ ನಂತರದ ಭಾಗವನ್ನು, ಮರೆಮಾಡಿತು. ಹೆಸರು ಚೊಕ್ಕವಾಗಿ ಕಾಣಲೆಂದು ಮಾಡಿದ ಏರ್ಪಾಡು ಅದು. 1998ರ ವಿಂಡೋಸ್ ತನ್ನೊಡನೆ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟನ್ನು ತಂದಿತು. ವಿಬಿಸ್ಕ್ರಿಪ್ಟಿನಲ್ಲಿ ಬರೆದ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದು ರನ್ ಆಗುತ್ತಿತ್ತು. ಓದಬೇಕಾದರೆ ರೈಟ್ ಕ್ಲಿಕ್ ಮಾಡಿ ‘ಎಡಿಟ್’ ಹುಡುಕಬೇಕಿತ್ತು. ಒಂದೊಂದಾಗಿ ನೋಡಿದರೆ ಎರಡರಲ್ಲೂ ದೊಡ್ಡ ದೋಷವೇನಿಲ್ಲ. ಎರಡೂ ಕೂಡಿದಾಗ ಏನಾಗುತ್ತದೆಂಬುದು 2000ದ ಮೇ 4ರಂದು ಜಗತ್ತಿಗೇ ತಿಳಿಯಿತು. ಪ್ರೇಮಪತ್ರವೆಂದು ಹೇಳಿಕೊಂಡು ಈಮೇಲಿನ ಜೊತೆ ಬಂದ ಆ ಫೈಲಿನ ಹೆಸರು ‘ಟಿಎಕ್ಸ್‌ಟಿ’ ಎಂದು ಮುಗಿದಂತೆ ಕಾಣುತ್ತಿತ್ತು. ಅದರ ಹಿಂದಿದ್ದ ‘ವಿಬಿಎಸ್’ ಎಂಬ ನಿಜವಾದ ಬಾಲ ಕಾಣುತ್ತಿರಲಿಲ್ಲ. ಜನ ಅದನ್ನು ಓದಲೆಂದೇ ತೆರೆದರು, ಅದು ರನ್ ಆಯಿತು. ಚಿತ್ರಗಳ ಫೈಲುಗಳ ಮೇಲೆ ತನ್ನನ್ನೇ ಬರೆದುಕೊಂಡಿತು, ಔಟ್‌ಲುಕ್ಕಿನ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನ ಪ್ರತಿಯನ್ನು ಕಳಿಸಿತು. ಬ್ರಿಟನ್ನಿನ ಪಾರ್ಲಿಮೆಂಟು ತನ್ನ ಈಮೇಲನ್ನೇ ಕೆಲಹೊತ್ತು ನಿಲ್ಲಿಸಬೇಕಾಯಿತು. ಈ ಪ್ರಸಂಗವನ್ನು ವೈರಸ್ಸಿನ ಕಥೆಯಾಗಿ ಹೇಳುವುದು ರೂಢಿ. ಆದರೆ ಆ ಫೈಲು ಗುಟ್ಟಿನ ಭಾಷೆಯಲ್ಲಿ ಇರಲಿಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲಿನಿಂದ ಕೊನೆಯವರೆಗೆ ಓದಬಹುದಾದ ಸಾದಾ ಬರಹ. ತಲೆಯ ಟಿಪ್ಪಣಿ ಸಾಲುಗಳಲ್ಲೇ ಮನಿಲಾ ಊರಿನ ಹೆಸರೂ ಇತ್ತು. ಲಕ್ಷಾಂತರ ಮೇಜುಗಳ ಮೇಲೆ ಬಿದ್ದ ಆ ಬರಹ ಓದುವ ಅವಕಾಶ ಕೊಡದೆಯೇ ನಡೆದುಹೋಯಿತು ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಇದರ ಪಾಠವನ್ನು ಕಲಿತದ್ದು ಪವರ್‌ಶೆಲ್. 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ಭದ್ರತೆಯೇ ಮೊದಲು ಎಂದು ಮೈಕ್ರೋಸಾಫ್ಟಿನವರಿಗೆಲ್ಲ ಪತ್ರ ಬರೆದರು. ಅದೇ ವರ್ಷದ ಆಗಸ್ಟಿನಲ್ಲಿ ಅಲ್ಲಿನ ಜೆಫ್ರಿ ಸ್ನೋವರ್ ‘ಮೊನಾಡ್’ ಎಂಬ ಹೆಸರಿನಲ್ಲಿ ಹೊಸ ಶೆಲ್ಲಿನ ಕಲ್ಪನೆಯನ್ನು ಬರೆದಿಟ್ಟರು. ಅದು ಪವರ್‌ಶೆಲ್ 1.0 ಆಗಿ ಹೊರಬಂದದ್ದು 2006ರ ನವೆಂಬರಿನಲ್ಲಿ. ಅದರ ಸಾಮರ್ಥ್ಯದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ, ಇಲ್ಲಿ ಬೇಡ. ನನ್ನ ವಾದಕ್ಕೆ ಬೇಕಾದವು ಅದರ ಮೂರು ಹಟಗಳು. ಪವರ್‌ಶೆಲ್ ಸ್ಕ್ರಿಪ್ಟಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದು ರನ್ ಆಗದೆ ನೋಟ್‌ಪ್ಯಾಡಿನಲ್ಲಿ ತೆರೆದುಕೊಂಡಿತು. ಹೊಸದಾಗಿ ಕಲಿಯುವವರಿಗೆ ಇದು ಏನೋ ಕೆಟ್ಟಿದೆ ಎಂದು ಅನ್ನಿಸುತ್ತಿತ್ತು. ನನ್ನ ಕಣ್ಣಿಗೆ ವಿಂಡೋಸಿನ ಚರಿತ್ರೆಯಲ್ಲಿ ಇಷ್ಟು ವಿವೇಕದ ತೀರ್ಮಾನಗಳು ಬಹಳ ಇಲ್ಲ. ಎರಡನೆಯದು ಎಕ್ಸಿಕ್ಯೂಷನ್ ಪಾಲಿಸಿ. ಹೊಸ ಯಂತ್ರದಲ್ಲಿ ಅದು ‘ರಿಸ್ಟ್ರಿಕ್ಟೆಡ್’, ಅಂದರೆ ಯಾವ ಸ್ಕ್ರಿಪ್ಟೂ ನಡೆಯದು. ಕೆಂಪಕ್ಷರದಲ್ಲಿ ಹಾಗೆಂದೇ ಹೇಳುತ್ತದೆ. ‘ರಿಮೋಟ್‌ಸೈನ್ಡ್’ ಎಂದು ಬದಲಿಸಿಕೊಂಡರೆ ನಿಮ್ಮ ಯಂತ್ರದಲ್ಲೇ ಬರೆದದ್ದು ನಡೆಯುತ್ತದೆ, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದಕ್ಕೆ ಸಹಿ ಬೇಕು. ಇಳಿಸಿಕೊಂಡ ಫೈಲಿನ ಬೆನ್ನಿಗೆ ವಿಂಡೋಸ್ ಕಣ್ಣಿಗೆ ಕಾಣದ ಒಂದು ಗುರುತು ಅಂಟಿಸಿರುತ್ತದೆ, ಅದನ್ನು ನೋಡಿಯೇ ಈ ವಿಂಗಡಣೆ. ಮೂರನೆಯ ಹಟ ನೋಡಲು ಸಣ್ಣದು. ಹಳೆಯ ಕಮಾಂಡ್ ಪ್ರಾಂಪ್ಟಿನಲ್ಲಿ ಒಂದು ಹೆಸರು ಕೊಟ್ಟರೆ ಅದು ಮೊದಲು ನೀವಿರುವ ಫೋಲ್ಡರಿನಲ್ಲೇ ಹುಡುಕುತ್ತದೆ. ಕಲಿಯುವವರು ‘ಪಿಂಗ್’ ಎಂಬ ಹೆಸರಿನಲ್ಲಿ ಬ್ಯಾಚ್ ಫೈಲ್ ಬರೆದು, ಅದರೊಳಗೆ ಪಿಂಗ್ ಕಮಾಂಡನ್ನೇ ಕರೆದು, ಫೈಲು ತನ್ನನ್ನು ತಾನೇ ಕೊನೆಯಿಲ್ಲದೆ ಕರೆದುಕೊಳ್ಳುವುದನ್ನು ಕಂಡು ಬೆರಗಾಗುವುದು ಇದರಿಂದಲೇ. ಪವರ್‌ಶೆಲ್ ಹಾಗೆ ಹುಡುಕುವುದಿಲ್ಲ. ಹೆಸರಿನ ಮುಂದೆ ಚುಕ್ಕೆ ಮತ್ತು ಓರೆಗೆರೆ ಹಾಕಿ, ‘ಇಲ್ಲಿಯೇ ಇರುವುದು’ ಎಂದು ನಾವೇ ಹೇಳಬೇಕು. ಮೂರೂ ಕೇಳುವುದು ಒಂದನ್ನೇ: ಇದು ಏನು, ಎಲ್ಲಿಂದ ಬಂತು ಎಂದು ಒಂದು ಕ್ಷಣ ನೋಡು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಎತ್ತುವವರು ತಿಳಿದವರೇ. ಎಕ್ಸಿಕ್ಯೂಷನ್ ಪಾಲಿಸಿಯನ್ನು ದಾಟುವುದು ಮಕ್ಕಳಾಟ. ಪವರ್‌ಶೆಲ್ಲನ್ನು ಶುರುಮಾಡುವಾಗಲೇ ‘ಬೈಪಾಸ್’ ಎಂದು ಸೇರಿಸಿದರೆ ಸಾಕು, ಅಡ್ಮಿನ್ ಹಕ್ಕೂ ಬೇಡ. ಸ್ಕ್ರಿಪ್ಟಿನ ಸಾಲುಗಳನ್ನು ಕಾಪಿ ಮಾಡಿ ಪ್ರಾಂಪ್ಟಿಗೆ ಅಂಟಿಸಿದರೆ ಪಾಲಿಸಿಗೆ ಅದರ ಸುಳಿವೇ ಇರುವುದಿಲ್ಲ. ಬೆನ್ನಿಗೆ ಅಂಟಿಸಿದ ಗುರುತೂ ಅಷ್ಟೇ, ಎಫ್‌ಎಟಿ32ರಲ್ಲಿರುವ ಪೆನ್‌ಡ್ರೈವಿಗೆ ಹಾಕಿ ತೆಗೆದರೆ ಉದುರಿಹೋಗುತ್ತದೆ. ಕೆಟ್ಟವರನ್ನು ತಡೆಯದೆ ಒಳ್ಳೆಯವರಿಗೆ ಮಾತ್ರ ತೊಡಕಾಗುವ ಬೀಗ ಯಾಕೆ ಎಂಬುದು ಅವರ ಪ್ರಶ್ನೆ. ಸಂಗತಿಗಳೆಲ್ಲ ನಿಜ, ಒಂದನ್ನೂ ನಾನು ಅಲ್ಲಗಳೆಯಲಾರೆ. ಆದರೆ ಮೈಕ್ರೋಸಾಫ್ಟ್ ಕೂಡ ಇದನ್ನು ಬೀಗವೆಂದು ಕರೆದಿಲ್ಲ. ಬಳಕೆದಾರರನ್ನು ಕಟ್ಟಿಹಾಕುವ ಭದ್ರತಾ ವ್ಯವಸ್ಥೆ ಇದಲ್ಲ, ಅರಿಯದೆ ಆಗುವ ತಪ್ಪಿಗೆ ತಡೆ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಮನೆಯ ಹೊಸ್ತಿಲು ಕಳ್ಳನನ್ನು ತಡೆಯುವುದಿಲ್ಲ, ಒಳಗೆ ಕಾಲಿಡುತ್ತಿದ್ದೇನೆ ಎಂಬ ಎಚ್ಚರವನ್ನು ಕೊಡುತ್ತದೆ. ನಿಜವಾದ ನಷ್ಟ ಬೇರೆ ಕಡೆ ಆಗಿದೆ. ಆ ಕೆಂಪು ಸಾಲು ಕಂಡ ಕೂಡಲೇ ‘ಅನ್‌ರಿಸ್ಟ್ರಿಕ್ಟೆಡ್ ಮಾಡಿಬಿಡಿ’ ಎಂಬ ಸಲಹೆ ಬಾಯಿಂದ ಬಾಯಿಗೆ ಹರಿಯಿತು, ಅದೂ ಇಡೀ ಯಂತ್ರಕ್ಕೆ, ಎಂದೆಂದಿಗೂ. ಈಗಿನ ಒಂದು ಸೆಷನ್ನಿಗೆ ಮಾತ್ರ, ಅಥವಾ ನನ್ನ ಖಾತೆಗೆ ಮಾತ್ರ ಸಡಿಲಿಸು ಎಂದು ಹೇಳುವ ಸೌಕರ್ಯ ಇದ್ದರೂ ಅದನ್ನು ಕಲಿಸಿದವರು ಕಡಿಮೆ. ಓದಲೆಂದು ಕೊಟ್ಟ ಬಿಡುವನ್ನು ನಾವು ಅಡಚಣೆ ಎಂದುಕೊಂಡು ಕಿತ್ತೆಸೆದೆವು.

ಇನ್ನೊಂದು ಆಕ್ಷೇಪ ಹೆಚ್ಚು ಮಾನವೀಯವಾದದ್ದು. ಓದಿ ಎಂದರೆ ಸಾಕೇ, ಎಷ್ಟು ಜನಕ್ಕೆ ಸ್ಕ್ರಿಪ್ಟು ಅರ್ಥವಾದೀತು? ಲೆಕ್ಕ ಬರೆಯುವವರು, ಗ್ರಂಥಾಲಯ ನೋಡಿಕೊಳ್ಳುವವರು, ಡಿಟಿಪಿ ಮಾಡುವವರು ಪ್ರೋಗ್ರಾಮರುಗಳಾಗಬೇಕೇ? ನಮ್ಮಲ್ಲಿ ಜಮೀನಿನ ಕ್ರಯಪತ್ರ ಬರೆಸುವವರೆಲ್ಲ ವಕೀಲರೇನಲ್ಲ. ಪತ್ರದ ಭಾಷೆ ಅರ್ಧ ತಿಳಿಯದಿದ್ದರೂ ಸಹಿ ಹಾಕುವ ಮೊದಲು ಹೆಸರು, ಸರ್ವೆ ನಂಬರು, ಚಕ್ಕುಬಂದಿ ನೋಡುತ್ತಾರೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ದಾರಿ ಎಂದು ಓದಿಸಿ ಕೇಳುತ್ತಾರೆ. ಸ್ಕ್ರಿಪ್ಟಿಗೂ ಚಕ್ಕುಬಂದಿ ಇದೆ. ಯಾವ ಫೋಲ್ಡರಿನ ಹೆಸರು ಬಂದಿದೆ, ಎಲ್ಲಿ ಅಳಿಸುತ್ತದೆ, ಹೊರಗಿನಿಂದ ಏನನ್ನಾದರೂ ಇಳಿಸಿಕೊಳ್ಳುತ್ತದೆಯೇ, ಅಡ್ಮಿನ್ ಹಕ್ಕು ಕೇಳುತ್ತದೆಯೇ ಎಂದು ನೋಡಲು ಪ್ರೋಗ್ರಾಮಿಂಗ್ ಬೇಕಿಲ್ಲ. ಬ್ಯಾಕಪ್ಪಿಗೆ ಹಲವರು ಬಳಸುವ ರೋಬೋಕಾಪಿಯನ್ನೇ ತೆಗೆದುಕೊಳ್ಳಿ. ಅದರ ಸಾಲಿನಲ್ಲಿ ‘ಎಂಐಆರ್’ ಎಂಬ ಮೂರಕ್ಷರವಿದ್ದರೆ ಅದು ಎರಡನೆಯ ಫೋಲ್ಡರನ್ನು ಮೊದಲನೆಯದರ ಪಡಿಯಚ್ಚಾಗಿಸುತ್ತದೆ. ಮೊದಲನೆಯದರಲ್ಲಿ ಇಲ್ಲದ್ದನ್ನೆಲ್ಲ ಎರಡನೆಯದರಿಂದ ಅಳಿಸುತ್ತದೆ. ಎರಡು ಹೆಸರುಗಳು ಅದಲುಬದಲಾದರೆ ವರ್ಷದ ಕೆಲಸ ಹೋಯಿತು, ಅದೂ ರೀಸೈಕಲ್ ಬಿನ್ನಿಗೂ ಬೀಳದೆ, ಏಕೆಂದರೆ ಕಮಾಂಡಿನಿಂದ ಅಳಿಸಿದ್ದು ಅಲ್ಲಿಗೆ ಹೋಗುವುದಿಲ್ಲ. ಇದೇ ರೋಬೋಕಾಪಿ ಫೈಲುಗಳನ್ನು ಸರಿಯಾಗಿ ನಕಲು ಮಾಡಿದಾಗ 1 ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತದೆ, 8 ಮತ್ತು ಮೇಲಿನವು ಮಾತ್ರ ಸೋಲು; ಸೊನ್ನೆಯಲ್ಲದ್ದೆಲ್ಲ ತಪ್ಪು ಎಂದು ಬರೆದ ಸ್ಕ್ರಿಪ್ಟು ಗೆದ್ದ ಕೆಲಸವನ್ನು ಸೋತಿತೆಂದು ವರದಿ ಮಾಡುತ್ತದೆ. ತಾರೀಖಿನದು ಇನ್ನೊಂದು ಬಗೆ. ಅಮೆರಿಕದ ಪುಸ್ತಕ ನೋಡಿ ಬರೆದ ಬ್ಯಾಚ್ ಫೈಲು ಅಲ್ಲಿನ ತಾರೀಖಿನ ಸಾಲಿನಲ್ಲಿ ಇಷ್ಟನೇ ಅಕ್ಷರದಿಂದ ಇಷ್ಟು ಎಂದು ಕತ್ತರಿಸಿ ಫೋಲ್ಡರಿಗೆ ಹೆಸರಿಡುತ್ತದೆ. ಅಲ್ಲಿ ತಿಂಗಳು ಮೊದಲು, ನಮ್ಮ ಸೆಟ್ಟಿಂಗಿನಲ್ಲಿ ದಿನ ಮೊದಲು. ಕತ್ತರಿ ತಪ್ಪಾದ ಜಾಗದಲ್ಲಿ ಬೀಳುತ್ತದೆ. ಇಂಥವನ್ನು ಹಿಡಿಯಲು ಪವರ್‌ಶೆಲ್ಲಿನಲ್ಲಿ ‘ವಾಟ್‌ಇಫ್’ ಇದೆ: ಅಳಿಸದೆಯೇ, ಏನನ್ನು ಅಳಿಸುತ್ತಿದ್ದೆ ಎಂದು ತೋರಿಸುತ್ತದೆ. ಬ್ಯಾಚ್ ಫೈಲಿನಲ್ಲಿ ‘ಡೆಲ್’ ಮುಂದೆ ‘ಎಕೋ’ ಎಂದು ಸೇರಿಸಿ ಒಮ್ಮೆ ನಡೆಸಿ ನೋಡುವ ಹಳೆಯ ಪದ್ಧತಿಯೂ ಅದೇ.

ಮೌಸ್ ಇರುವಾಗ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಉದ್ದದ ಉತ್ತರ ಬೇಕಿಲ್ಲ. ಕ್ಲಿಕ್ಕುಗಳಿಂದ ಮಾಡಿದ ಕೆಲಸ ತನ್ನ ಹಿಂದೆ ಬರಹವನ್ನು ಬಿಟ್ಟುಹೋಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಇಂಥ ಕಡೆ ಒತ್ತಿ ಎಂದು ಬರೆದಿಟ್ಟ ಟಿಪ್ಪಣಿ ಎಕ್ಸ್‌ಪಿಯಿಂದ ವಿಸ್ಟಾಕ್ಕೆ, ಅಲ್ಲಿಂದ ವಿಂಡೋಸ್ 10ಕ್ಕೆ ಬರುವಷ್ಟರಲ್ಲಿ ಹಳತಾಯಿತು. ‘ಐಪಿಕಾನ್ಫಿಗ್’ ಎಂದು ಎನ್‌ಟಿ ಕಾಲದಲ್ಲಿ ಕಲಿತವರು ಇಂದಿಗೂ ಅದನ್ನೇ ಟೈಪ್ ಮಾಡುತ್ತಾರೆ.

ಕನ್ನಡದವರ ಪ್ರಶ್ನೆ ಬೇರೆಯೇ ಇದೆ, ಅದನ್ನು ಹಗುರವಾಗಿ ದಾಟಲಾರೆ. ಓದು ಓದು ಎನ್ನುತ್ತೀರಿ, ಆ ಬರಹ ನಮ್ಮ ಭಾಷೆಯದೇ ಅಲ್ಲವಲ್ಲ? ಕಮಾಂಡು ಇಂಗ್ಲಿಷು, ತಪ್ಪಿನ ಸಂದೇಶ ಇಂಗ್ಲಿಷು. ನಮ್ಮ ಅಕ್ಷರಕ್ಕೆ ಆ ಕಪ್ಪು ಪರದೆಯಲ್ಲಿ ಬಹಳ ಕಾಲ ಜಾಗವೇ ಇರಲಿಲ್ಲ. ವಿಂಡೋಸಿಗೆ ಕನ್ನಡ ಬಂದದ್ದು ಎಕ್ಸ್‌ಪಿಯೊಡನೆ, ತುಂಗಾ ಫಾಂಟಿನ ಜೊತೆ; ಆಗಲೂ ಕಮಾಂಡ್ ಪ್ರಾಂಪ್ಟಿನಲ್ಲಿ ಕನ್ನಡದ ಫೈಲ್ ಹೆಸರುಗಳು ಚೌಕಗಳಾಗಿಯೇ ಕಂಡವು. ಪವರ್‌ಶೆಲ್ಲಿನದು ಇನ್ನೂ ಸೂಕ್ಷ್ಮ. ವಿಂಡೋಸಿನೊಡನೆ ಬರುವ ಅದರ 5.1 ಆವೃತ್ತಿ, ಫೈಲಿನ ತಲೆಯಲ್ಲಿ ಯೂನಿಕೋಡಿನ ಗುರುತು ಇಲ್ಲದಿದ್ದರೆ ಅದನ್ನು ಹಳೆಯ ಪಶ್ಚಿಮ ಯುರೋಪಿನ ಸಂಕೇತವೆಂದು ಓದಿಬಿಡುತ್ತದೆ. ನೋಟ್‌ಪ್ಯಾಡ್ ಮೊದಲು ಯುಟಿಎಫ್-8ರಲ್ಲಿ ಸೇವ್ ಮಾಡುವಾಗ ಆ ಗುರುತನ್ನು ಹಾಕುತ್ತಿತ್ತು. 2019ರಿಂದ ಹಾಕದಿರುವುದೇ ಅದರ ರೂಢಿ. ಹೀಗೆ ಬರೆದ ಸ್ಕ್ರಿಪ್ಟಿನಲ್ಲಿ ‘ಕನ್ನಡ’ ಎಂದಿದ್ದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಅಷ್ಟೇ. ಆದರೆ ಒ, ಓ, ಔ ಈ ಮೂರು ಸ್ವರಗಳ ಕೊನೆಯ ಬೈಟು ಆ ಹಳೆಯ ಸಂಕೇತದಲ್ಲಿ ಉದ್ಧರಣ ಚಿಹ್ನೆಯಾಗುತ್ತದೆ, ಪವರ್‌ಶೆಲ್ ಆ ಬಾಗಿದ ಚಿಹ್ನೆಗಳನ್ನೂ ಮಾತಿನ ಕೊನೆಯೆಂದು ಎಣಿಸುತ್ತದೆ. ಜೋಡಿ ಉದ್ಧರಣ ಚಿಹ್ನೆಗಳ ನಡುವೆ ‘ಓದು’ ಎಂದು ಬರೆದರೆ ಮೊದಲಕ್ಷರದಲ್ಲೇ ಮಾತು ಮುರಿದು ಸ್ಕ್ರಿಪ್ಟು ನಿಲ್ಲುತ್ತದೆ. ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಹಳೆಯ ಫಾಂಟುಗಳ ಸಂಕೇತದಲ್ಲಿ ಸಿಕ್ಕಿಕೊಂಡಿರುವ ಕನ್ನಡದ ಬರಹವನ್ನು ಯೂನಿಕೋಡಿಗೆ ತರುವುದು, ನೂರಾರು ಸ್ಕ್ಯಾನ್ ಫೈಲುಗಳಿಗೆ ಕನ್ನಡದಲ್ಲಿ ಹೆಸರಿಡುವುದು, ಇವೆಲ್ಲ ಸ್ಕ್ರಿಪ್ಟಿನಿಂದಲೇ ಆಗಬೇಕಾದ ಕೆಲಸಗಳು. ಅವನ್ನು ಕೈಗೆತ್ತಿಕೊಂಡವರು ಇಂಥ ತಪ್ಪಿಗೆ ಸಿಕ್ಕಿ, ಕನ್ನಡಕ್ಕೆ ಇದು ಆಗುವುದಲ್ಲ ಎಂದು ಬಿಟ್ಟುಬಿಟ್ಟರೆ ನಷ್ಟ ಭಾಷೆಯದು. 2020ರ ಪವರ್‌ಶೆಲ್ 7 ಗುರುತಿಲ್ಲದ ಫೈಲನ್ನೂ ಯುಟಿಎಫ್-8 ಎಂದೇ ಓದುತ್ತದೆ. ಇಂಗ್ಲಿಷಿನ ಮಾತಿಗೆ ಬಂದರೆ, ದಿನದ ಕೆಲಸಕ್ಕೆ ಬೇಕಾಗುವ ಪದಗಳು ಇಪ್ಪತ್ತು ಮೂವತ್ತು. ಪವರ್‌ಶೆಲ್ಲಿನ ಕಮಾಂಡುಗಳು ಕ್ರಿಯಾಪದ, ಅಡ್ಡಗೆರೆ, ನಾಮಪದ ಎಂಬ ಒಂದೇ ಅಚ್ಚಿನವು: ‘ಗೆಟ್’ ಎಂದಿದ್ದರೆ ತರುತ್ತದೆ, ‘ರಿಮೂವ್’ ಎಂದಿದ್ದರೆ ತೆಗೆಯುತ್ತದೆ. ಟಿಪ್ಪಣಿಯ ಸಾಲನ್ನು ಕನ್ನಡದಲ್ಲೇ ಬರೆಯಬಹುದು, ಬರೆಯಬೇಕು. ಮುಂದೆ ಅದನ್ನು ಓದುವವರು ನಮ್ಮವರೇ ಆಗಿರುತ್ತಾರೆ.

ಈಚಿನ ವರ್ಷಗಳ ವಂಚನೆಯೊಂದು ನನ್ನ ವಾದವನ್ನು ಬೇರೆಲ್ಲಕ್ಕಿಂತ ಗಟ್ಟಿಯಾಗಿ ಹಿಡಿದು ನಿಲ್ಲಿಸಿದೆ. 2024ರ ಸುಮಾರಿಗೆ ‘ಕ್ಲಿಕ್‌ಫಿಕ್ಸ್’ ಎಂಬ ಹೆಸರಿನಲ್ಲಿ ಹರಡಿದ ಈ ಉಪಾಯದಲ್ಲಿ ಫೈಲೇ ಇಲ್ಲ. ನೀವು ರೋಬೋಟ್ ಅಲ್ಲವೆಂದು ತೋರಿಸಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ ಎಂದು ಬ್ರೌಸರಿನ ಪರದೆ ಹೇಳುತ್ತದೆ. ಅಷ್ಟರಲ್ಲಿ ಕ್ಲಿಪ್‌ಬೋರ್ಡಿಗೆ ಒಂದು ಪವರ್‌ಶೆಲ್ ಸಾಲು ಸೇರಿರುತ್ತದೆ. ಹೇಳಿದಂತೆ ಒತ್ತಿದವರು ತಮ್ಮ ಕೈಯಾರೆ ಅದನ್ನು ನಡೆಸುತ್ತಾರೆ. ಇಳಿಸಿಕೊಂಡ ಸ್ಕ್ರಿಪ್ಟ್ ಫೈಲಿಲ್ಲದ ಕಾರಣ ಬೆನ್ನಿನ ಗುರುತು ನೋಡುವ ಪ್ರಸಂಗವೇ ಬರುವುದಿಲ್ಲ, ಎಕ್ಸಿಕ್ಯೂಷನ್ ಪಾಲಿಸಿಗೆ ಕೆಲಸವಿಲ್ಲ. 2000ದಲ್ಲಿ ಓದಲು ಹೋದವರ ಕೈಯಲ್ಲಿ ಫೈಲು ತಾನೇ ರನ್ ಆಯಿತು. ಈಗ ಓದದಿರುವ ಅಭ್ಯಾಸವನ್ನೇ ನಂಬಿ ವಂಚನೆ ನಡೆಯುತ್ತಿದೆ. ಹಲವು ಸಾಲುಗಳನ್ನು ಒಟ್ಟಿಗೆ ಅಂಟಿಸಿದರೆ ವಿಂಡೋಸ್ ಟರ್ಮಿನಲ್ ನಿಲ್ಲಿಸಿ, ಆ ಸಾಲುಗಳನ್ನು ತೋರಿಸಿ, ನಿಜವಾಗಿ ಬೇಕೇ ಎಂದು ಕೇಳುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದುಕೊಂಡ ಸ್ಕ್ರಿಪ್ಟಿನ ಮುಂದುವರಿಕೆ ಅದು. ಎಐ ಕೇಳಿದ್ದನ್ನೆಲ್ಲ ಬರೆದುಕೊಡುವಾಗ ಓದುವ ಶ್ರಮ ಹಳೆಯದಾಯಿತು ಎಂಬ ಮಾತೂ ಈಗ ಕೇಳಿಬರುತ್ತಿದೆ. ಬರೆಯುವ ಶ್ರಮ ಕಡಿಮೆಯಾಗಿರುವುದು ನಿಜ, ಅದರಿಂದ ಕಲಿಯುವವರಿಗೆ ಬಂದಿರುವ ಧೈರ್ಯ ನನಗೂ ಸಂತೋಷದ ವಿಷಯ. ಆದರೆ ಬರೆದುಕೊಟ್ಟ ಸಾಲಿನಲ್ಲಿರುವ ಫೋಲ್ಡರಿನ ಹೆಸರು ನಮ್ಮ ಯಂತ್ರದ್ದು, ಅಳಿಸಿಹೋಗುವುದು ನಮ್ಮ ಫೈಲು. ಪತ್ರ ಬರೆಯುವವರು ಬದಲಾದರೂ ಚಕ್ಕುಬಂದಿ ನೋಡಬೇಕಾದವರು ಜಮೀನಿನವರೇ.

2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ವಿಬಿಸ್ಕ್ರಿಪ್ಟನ್ನು ಕೈಬಿಡುವ ಪಟ್ಟಿಗೆ ಸೇರಿಸಿತು. ಮರುವರ್ಷ ತಿಳಿಸಿದ ಯೋಜನೆಯ ಪ್ರಕಾರ ವಿಂಡೋಸ್ 11ರ 2024ರ ಆವೃತ್ತಿಯಲ್ಲಿ ಅದು ಬೇಕಾದರೆ ತೆಗೆಯಬಹುದಾದ ಭಾಗವಾಯಿತು, 2027ರ ಸುಮಾರಿಗೆ ತಾನಾಗಿ ಸಕ್ರಿಯವಾಗಿರುವುದು ನಿಲ್ಲುತ್ತದೆ, ಕೊನೆಗೆ ಇಲ್ಲವಾಗುತ್ತದೆ. ಪ್ರೇಮಪತ್ರದ ಭಾಷೆ ಅದು ಎಂದು ನೆನೆದರೆ ಹೋಗಲಿ ಎನ್ನಿಸಬಹುದು. ಆದರೆ 25 ವರ್ಷಗಳಿಂದ ಕಚೇರಿಗಳ ಸರ್ವರುಗಳಲ್ಲಿ ರಾತ್ರಿ ಹೊತ್ತು ಯಾರ ಗಮನಕ್ಕೂ ಬಾರದೆ ವರದಿ ಕಳಿಸುವ, ಹಳೆಯ ಲಾಗುಗಳನ್ನು ತೆಗೆಯುವ, ಪ್ರಿಂಟರುಗಳನ್ನು ಜೋಡಿಸುವ ಸ್ಕ್ರಿಪ್ಟುಗಳೂ ಆ ಭಾಷೆಯವೇ. ಬರೆದವರು ಬೇರೆ ಕಡೆ ಹೋಗಿರುತ್ತಾರೆ, ನಿವೃತ್ತರಾಗಿರುತ್ತಾರೆ. ಅವುಗಳ ಜಾಗಕ್ಕೆ ಹೊಸದನ್ನು ಬರೆಯಬೇಕಾದವರು ಈಗ ಟಾಸ್ಕ್ ಶೆಡ್ಯೂಲರಿನ ಪಟ್ಟಿ ಹಿಡಿದು ಒಂದೊಂದೇ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಎಡಿಟ್’ ಒತ್ತಿ, ನೋಟ್‌ಪ್ಯಾಡಿನಲ್ಲಿ ತೆರೆದು, ಮೊದಲ ಸಾಲಿನ ಟಿಪ್ಪಣಿಯಿಂದ ಶುರುಮಾಡಿ ಓದುತ್ತಿದ್ದಾರೆ.